ವಲೆಟ್ಟಾ ನೋಡುವ ಬಗೆ: ಬಿಸಿಲು, ಇಳಿಜಾರು ಮತ್ತು ಎರಡು ದಿನ

ಮಾಲ್ಟಾದ ರಾಜಧಾನಿ ವಲೆಟ್ಟಾ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಯುರೋಪಿಯನ್ ಒಕ್ಕೂಟದ ರಾಜಧಾನಿಗಳಲ್ಲೇ ಚಿಕ್ಕದು. ಊರೊಳಗೆ ವಾಸವಿರುವವರು ಕೆಲವೇ ಸಾವಿರ ಮಂದಿ. ಈ ಲೆಕ್ಕ ಕೇಳಿದ ಕೂಡಲೇ ಬಹಳ ಜನ ಅರ್ಧ ದಿನ ಸಾಕು ಎಂದುಕೊಳ್ಳುತ್ತಾರೆ. ನಗರದ್ವಾರದಿಂದ ರಿಪಬ್ಲಿಕ್ ಸ್ಟ್ರೀಟ್ ಹಿಡಿದು ನೇರ ಹೋಗಿ, ಚರ್ಚ್ ಒಂದನ್ನು ಇಣುಕಿ, ಕಾಫಿ ಕುಡಿದು, ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಹಾಗೆ ನೋಡಿದರೆ ಸಿಗುವುದು ಅಂಗಡಿ ಬೀದಿ ಮಾತ್ರ. ವಲೆಟ್ಟಾದ ಜೀವ ಇರುವುದು ಅದರ ಅಂಚಿನಲ್ಲಿ: ಕೊತ್ತಲಗಳ ಮೇಲೆ, ಎರಡೂ ಪಕ್ಕದ ಬಂದರುಗಳ ಕಡೆಗೆ ಇಳಿಯುವ ಮೆಟ್ಟಿಲು ಬೀದಿಗಳಲ್ಲಿ, ನೀರಿನ ಆಚೆ ದಡದಿಂದ ಕಾಣುವ ಗೋಡೆಗಳಲ್ಲಿ. ಅದಕ್ಕೆ ಎರಡು ಪೂರ್ತಿ ದಿನ ಬೇಕು. ಯಾವ ಹೊತ್ತಿಗೆ ಎಲ್ಲಿರಬೇಕು ಎಂಬ ಲೆಕ್ಕವೂ ಬೇಕು.

ಮೊದಲು ಊರು ಯಾಕೆ ಇಲ್ಲಿದೆ ಎಂದು ತಿಳಿಯಿರಿ

ಇದನ್ನು ತಿಳಿಯದೆ ಹೋದರೆ ಕಣ್ಣಿಗೆ ಬೀಳುವುದೆಲ್ಲ ಬರೀ ಹಳೇ ಕಲ್ಲು. ಸೇಂಟ್ ಜಾನ್ ಪಂಗಡದ ನೈಟ್‌ಗಳನ್ನು, ಅಂದರೆ ಕ್ರೈಸ್ತ ಯೋಧ ಸನ್ಯಾಸಿಗಳನ್ನು, ಒಟ್ಟೊಮನ್ ತುರ್ಕರು ರೋಡ್ಸ್ ದ್ವೀಪದಿಂದ ಹೊರಹಾಕಿದ ಮೇಲೆ, 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಅವರಿಗೆ ಮಾಲ್ಟಾವನ್ನು ಬಿಟ್ಟುಕೊಟ್ಟ. ಪ್ರತಿಯಾಗಿ ವರ್ಷಕ್ಕೊಂದು ಡೇಗೆ ಹಕ್ಕಿ ಕಾಣಿಕೆ. ಆಗ ವಲೆಟ್ಟಾ ಇರಲಿಲ್ಲ. ಎರಡು ಆಳವಾದ ಬಂದರುಗಳ ನಡುವೆ ನಾಲಗೆ ಚಾಚಿದಂತೆ ಸಮುದ್ರಕ್ಕೆ ಚಾಚಿಕೊಂಡ ಶಿಬೆರಾಸ್ ಎಂಬ ಬೋಳು ಗುಡ್ಡ ಮಾತ್ರ ಇತ್ತು. ಮುಂದೆ ಅದರ ತುದಿಯಲ್ಲಿ ಸೇಂಟ್ ಎಲ್ಮೋ ಎಂಬ ಪುಟ್ಟ ಕೋಟೆ ಎದ್ದಿತು. ನೈಟ್‌ಗಳು ನೆಲೆಸಿದ್ದು ಪೂರ್ವದ ಬಂದರಾದ ಗ್ರ್ಯಾಂಡ್ ಹಾರ್ಬರ್‌ನ ಆಚೆ ದಡದ ಬಿರ್ಗು ಊರಿನಲ್ಲಿ.

1565ರ ಮೇ ತಿಂಗಳಲ್ಲಿ ಒಟ್ಟೊಮನ್ ಸೈನ್ಯ ಬಂದಾಗ ಮಾಡಿದ ಮೊದಲ ಕೆಲಸವೇ ಈ ಬೋಳು ಗುಡ್ಡದ ಮೇಲೆ ಫಿರಂಗಿ ಹೂಡಿದ್ದು. ಹೆಚ್ಚುಕಡಿಮೆ ಒಂದು ತಿಂಗಳು ತಡೆದು ನಿಂತ ಸೇಂಟ್ ಎಲ್ಮೋ ಜೂನ್ 23ರಂದು ಬಿತ್ತು. ಅಲ್ಲಿಂದ ಮುಂದೆ ಅದೇ ಗುಡ್ಡದಿಂದ ನೀರಿನ ಮೇಲೆ ಹಾದು ಗುಂಡುಗಳು ಬಿರ್ಗುವಿಗೆ ಬಡಿದವು. ಸೆಪ್ಟೆಂಬರ್ 8ರಂದು ಮುತ್ತಿಗೆ ಮುಗಿಯಿತು. ನೈಟ್‌ಗಳ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಜಾನ್ ಪರಿಸೋ ದ ವಲೆಟ್‌ಗೆ ಆಗ ಎಪ್ಪತ್ತರ ಆಸುಪಾಸು. ಪಾಠ ಸರಳವಾಗಿತ್ತು: ಆ ಗುಡ್ಡ ಯಾರ ಕೈಯಲ್ಲಿದೆಯೋ ಎರಡೂ ಬಂದರು ಅವರದ್ದೇ. ಮರುವರ್ಷ, 1566ರ ಮಾರ್ಚ್ 28ರಂದು, ಅಲ್ಲೇ ಹೊಸ ನಗರಕ್ಕೆ ಅಡಿಗಲ್ಲು ಬಿತ್ತು.

ನಕ್ಷೆ ಬರೆದವನು ಪೋಪ್ ಕಳಿಸಿದ ಇಟಲಿಯ ಸೈನಿಕ ಎಂಜಿನಿಯರ್ ಫ್ರಾಂಚೆಸ್ಕೊ ಲಪರೆಲ್ಲಿ. ಮುಂದುವರಿಸಿದವನು ಮಾಲ್ಟಾದವನೇ ಆದ ಜಿರೊಲಾಮೊ ಕಸ್ಸಾರ್. ಗುಡ್ಡದ ನೆತ್ತಿಯನ್ನು ಕಡಿದು ಸಮತಟ್ಟಾದ ಊರು ಕಟ್ಟುವ ಯೋಚನೆ ಇತ್ತು. ಆದರೆ ತುರ್ಕರು ಮತ್ತೆ ಬಂದುಬಿಟ್ಟಾರು ಎಂಬ ಅವಸರದಲ್ಲಿ ಅದು ಕೈಬಿಟ್ಟುಹೋಯಿತು. ಇವತ್ತು ನಿಮ್ಮ ಮೊಣಕಾಲು ನೋಯಿಸುವ ಮೆಟ್ಟಿಲು ಬೀದಿಗಳಿಗೆ ಕಾರಣ ಆ ಅವಸರ. ಚದುರಂಗದ ಮಣೆಯಂಥ ನೇರ ಬೀದಿಗಳು ಮಾತ್ರ ಉಳಿದವು. ಸಮುದ್ರದ ಗಾಳಿ ಊರೊಳಗೆ ಹಾಯಲು ಅವೇ ದಾರಿ. ಪ್ರತಿ ಮನೆಗೂ ಮಳೆನೀರಿನ ತೊಟ್ಟಿ ಕಡ್ಡಾಯವಾಗಿತ್ತು. ಮುತ್ತಿಗೆ ಬಿದ್ದರೆ ಹೊರಗಿನ ನೀರು ನಿಲ್ಲುತ್ತದೆ ಎಂಬುದು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ನಂತರದ್ದು ಚುಟುಕಾಗಿ: 1798ರಲ್ಲಿ ನೆಪೋಲಿಯನ್ ನೈಟ್‌ಗಳನ್ನು ಓಡಿಸಿದ. ಎರಡೇ ವರ್ಷಕ್ಕೆ ಬ್ರಿಟಿಷರು ಬಂದರು. ಎರಡನೇ ಮಹಾಯುದ್ಧದಲ್ಲಿ ಊರು ಬಾಂಬಿಗೆ ಜರ್ಜರಿತವಾಯಿತು. 1964ರಲ್ಲಿ ಸ್ವಾತಂತ್ರ್ಯ ಬಂತು, 1974ರಲ್ಲಿ ಗಣರಾಜ್ಯವಾಯಿತು, 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಯುನೆಸ್ಕೊ ಪಟ್ಟಿಗೆ ನಗರ ಸೇರಿದ್ದು 1980ರಲ್ಲಿ.

ಹೊರಡುವ ಮುನ್ನ

ಮಾಲ್ಟಾ, ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ವಲಯದ ದೇಶ. ಭಾರತೀಯ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಿ ಹಾಕುವಂತಿಲ್ಲ. ಬೇಸಿಗೆ ರಜೆಗಾದರೆ ಎರಡು ಮೂರು ತಿಂಗಳ ಮೊದಲೇ ಹಾಕುವುದು ಕ್ಷೇಮ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸಾಗುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಎಡವುವುದು ಇಲ್ಲಿ: ಇಟಲಿಯಲ್ಲಿ ಆರು ರಾತ್ರಿ, ಮಾಲ್ಟಾದಲ್ಲಿ ಮೂರು ರಾತ್ರಿ ಇದ್ದರೆ ಅರ್ಜಿ ಸಲ್ಲಬೇಕಾದ್ದು ಇಟಲಿಗೆ, ಮಾಲ್ಟಾಗಲ್ಲ. ರಾತ್ರಿಗಳ ಸಂಖ್ಯೆ ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ವೀಸಾದ ಮೇಲೆ ಮಾಲ್ಟಾಗೆ ಬರುವಂತಿಲ್ಲ. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ಷೆಂಗೆನ್ ದೇಶಗಳ ವಾಸದ ಪರವಾನಗಿ ಇದ್ದವರಿಗೆ ಬೇರೆ ವೀಸಾ ಬೇಡ, ಆದರೆ ಪರವಾನಗಿ ಕಾರ್ಡಿನ ಜೊತೆ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಬೆಂಗಳೂರಿನಿಂದ ಬರುವವರು ಕೊಲ್ಲಿ ದೇಶ, ಇಸ್ತಾಂಬುಲ್ ಅಥವಾ ಯುರೋಪಿನ ಯಾವುದಾದರೂ ದೊಡ್ಡ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕು. ಫ್ರಾಂಕ್‌ಫರ್ಟ್, ರೋಮ್‌ನಂಥ ಕಡೆ ಬದಲಿಸಿದರೆ ವಲಸೆ ತಪಾಸಣೆ ಅಲ್ಲೇ ಆಗುತ್ತದೆ, ಮಾಲ್ಟಾದಲ್ಲಲ್ಲ. ಆ ಸಾಲಿನಲ್ಲಿ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಹಾಗಾಗಿ ಎರಡು ವಿಮಾನಗಳ ನಡುವೆ ಎರಡೂವರೆ ಗಂಟೆಗಿಂತ ಕಡಿಮೆ ಇರುವ ಟಿಕೆಟ್ ಕೊಳ್ಳಬೇಡಿ.

ಕಾಲ ಆರಿಸುವುದಾದರೆ ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಜುಲೈ, ಆಗಸ್ಟ್‌ನಲ್ಲಿ ಉಷ್ಣಾಂಶ 30 ಡಿಗ್ರಿ ದಾಟುತ್ತದೆ. ಕಲಬುರಗಿಯವರಿಗೆ ಇದೇನು ಮಹಾ ಎನಿಸಬಹುದು. ಆದರೆ ತಿಳಿಬಣ್ಣದ ಸುಣ್ಣಕಲ್ಲು ಬಿಸಿಲನ್ನು ಕಣ್ಣಿಗೆ ಹೊಡೆಯುತ್ತದೆ, ಸಮುದ್ರದ ತೇವ ಬೇರೆ ಸೇರುತ್ತದೆ, ಊರೊಳಗೆ ಮರಗಳೂ ವಿರಳ. ಡಿಸೆಂಬರ್‌ನಿಂದ ಫೆಬ್ರುವರಿ ತನಕ ಚಳಿ ಕಡು ಅಲ್ಲ, ಆದರೆ ಗಾಳಿ ಜೋರು. ಈಶಾನ್ಯದ ಗಾಳಿ ಎದ್ದ ದಿನ ದೋಣಿ ಸಂಚಾರ ನಿಲ್ಲುತ್ತದೆ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು.

ಪ್ಲಗ್ ಬ್ರಿಟಿಷ್ ಮಾದರಿಯದು: ಮೂರು ಚಪ್ಪಟೆ ಕಡ್ಡಿ. ನಮ್ಮ ದುಂಡು ಕಡ್ಡಿಯ ಪ್ಲಗ್ ಹಿಡಿಯುವುದಿಲ್ಲ, ಯುರೋಪ್ ಎಂದು ಕೊಂಡ ಎರಡು ಕಡ್ಡಿಯ ಅಡಾಪ್ಟರ್ ಕೂಡ ಹಿಡಿಯುವುದಿಲ್ಲ. ದುಬೈಯಲ್ಲಿ ಬಳಸುವ ಅಡಾಪ್ಟರ್ ಮನೆಯಲ್ಲಿದ್ದರೆ ಅದನ್ನೇ ತನ್ನಿ. ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿ. ಇಂಗ್ಲಿಷ್ ಅಧಿಕೃತ ಭಾಷೆಗಳಲ್ಲೊಂದು, ಮಾತಿಗೆ ತೊಂದರೆ ಇಲ್ಲ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ. ವಲೆಟ್ಟಾದೊಳಗೆ ಬಹುಪಾಲು ಬೀದಿಗಳು ಕಾಲ್ನಡಿಗೆಯವು, ನಿಲ್ಲಿಸಲು ಜಾಗವಿಲ್ಲ, ಕ್ಯಾಮೆರಾ ನೋಡಿ ಶುಲ್ಕ ಹಾಕುವ ವ್ಯವಸ್ಥೆಯೂ ಇದೆ. ವಿಮಾನ ನಿಲ್ದಾಣದಿಂದ ಬಸ್ ನೇರ ನಗರದ್ವಾರದ ಹೊರಗಿನ ಟ್ರೈಟನ್ ಕಾರಂಜಿಯ ಬಳಿ ಇಳಿಸುತ್ತದೆ. ದ್ವೀಪದ ಬಹುಪಾಲು ಬಸ್‌ಗಳು ಹೊರಡುವುದೂ ಅಲ್ಲಿಂದಲೇ. ಟಿಕೆಟ್ ಎರಡು ಗಂಟೆ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಬಸ್ ಬದಲಿಸಬಹುದು. ಸ್ಪರ್ಶಿಸಿ ಪಾವತಿಸುವ ಬ್ಯಾಂಕ್ ಕಾರ್ಡ್ ನಡೆಯುತ್ತದೆ. ನಿಲ್ದಾಣದಲ್ಲಿ ಸುಮ್ಮನೆ ನಿಂತಿದ್ದರೆ ಬಸ್ ನಿಲ್ಲದೆ ಹೋಗಿಬಿಡುತ್ತದೆ; ಕೈ ಎತ್ತಬೇಕು.

ಊರೊಳಗೇ ತಂಗುವುದು ಒಳ್ಳೆಯದು. ಹಗಲಿನ ಜನ ಕರಗಿದ ಮೇಲೆ ಬೀದಿಗಳು ನಿಮ್ಮದಾಗುತ್ತವೆ. ಆದರೆ ಕೋಣೆ ಕಾದಿರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಯಾವ ಮಹಡಿ, ಲಿಫ್ಟ್ ಇದೆಯೇ? ಇಲ್ಲಿನ ಹಳೇ ಮನೆಗಳು ಕಿರಿದು, ಎತ್ತರ. ಸುರುಳಿ ಮೆಟ್ಟಿಲು ಹತ್ತಬೇಕಾಗಬಹುದು. ಸೇಂಟ್ ಉರ್ಸುಲಾ ಸ್ಟ್ರೀಟ್‌ನಂಥ ಮೆಟ್ಟಿಲು ಬೀದಿಯಲ್ಲಿ ಕೋಣೆ ಹಿಡಿದರೆ ಗಾಲಿ ಇರುವ ಪೆಟ್ಟಿಗೆಯನ್ನು ಹೊತ್ತೇ ನಡೆಯಬೇಕು. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ರಿಪಬ್ಲಿಕ್ ಸ್ಟ್ರೀಟ್ ಅಥವಾ ಮರ್ಚೆಂಟ್ಸ್ ಸ್ಟ್ರೀಟ್‌ನ ಮೇಲ್ಭಾಗ ಆರಿಸಿ. ಅದು ಗುಡ್ಡದ ಬೆನ್ನು, ಅಲ್ಲಿ ಏರಿಳಿತ ಕಡಿಮೆ.

ಬಿಸಿಲಿನ ಲೆಕ್ಕ

ಗ್ರ್ಯಾಂಡ್ ಹಾರ್ಬರ್ ಊರಿನ ಪೂರ್ವ ಮತ್ತು ಆಗ್ನೇಯಕ್ಕಿದೆ. ಅಪ್ಪರ್ ಬರಕ್ಕಾ ಉದ್ಯಾನದ ಕಟ್ಟೆ ನೋಡುವುದು ಆ ದಿಕ್ಕನ್ನೇ. ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ಕಣ್ಣಿಗೆ ನೇರ; ಎದುರು ದಡದ ಮೂರು ಊರುಗಳು (ಬಿರ್ಗು, ಸೆಂಗ್ಲಿಯ, ಬೊರ್ಮ್ಲ) ಬರೀ ಕಪ್ಪು ಅಂಚಾಗಿ ಕಾಣುತ್ತವೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನಿಮ್ಮ ಬೆನ್ನಿಗೆ ಬರುತ್ತದೆ, ಎದುರಿನ ಕೋಟೆಗಳ ಜೇನುಬಣ್ಣದ ಕಲ್ಲು ಬೆಳಗುತ್ತದೆ. ಬೆಳಿಗ್ಗೆ ಹೊತ್ತು ಆಚೆ ದಡಕ್ಕೆ ಹೋಗಿ ಅಲ್ಲಿಂದ ವಲೆಟ್ಟಾವನ್ನು ನೋಡಬೇಕು, ಆಗ ವಲೆಟ್ಟಾದ ಕೊತ್ತಲಗಳ ಮೇಲೆ ಬಿಸಿಲು ನೇರ ಬಿದ್ದಿರುತ್ತದೆ. ಬಹುಪಾಲು ಪ್ರವಾಸಿ ತಂಡಗಳು ಮಾಡುವುದು ತದ್ವಿರುದ್ಧ: ಬೆಳಿಗ್ಗೆ ಹತ್ತಕ್ಕೇ ಬರಕ್ಕಾದಲ್ಲಿ ನಿಂತು, ಫೋಟೊ ಯಾಕೆ ಚೆನ್ನಾಗಿ ಬರಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತವೆ.

ಇನ್ನೊಂದು ಲೆಕ್ಕ ಕ್ರೂಸ್ ಹಡಗುಗಳದ್ದು. ದೊಡ್ಡ ಹಡಗು ಬಂದ ದಿನ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಹೆಜ್ಜೆ ಇಡುವುದು ಕಷ್ಟ. ಬಂದರಿಗೆ ಹಡಗು ಬರುವ ವೇಳಾಪಟ್ಟಿ ಅಂತರ್ಜಾಲದಲ್ಲಿ ಮುಂಚಿತವಾಗಿ ಸಿಗುತ್ತದೆ. ಅಂಥ ದಿನವನ್ನು ಎರಡನೇ ದಿನದ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಿ.

ಮೊದಲ ದಿನ: ಗುಡ್ಡದ ಬೆನ್ನು

ಎಂಟೂವರೆಗೆ ಟ್ರೈಟನ್ ಕಾರಂಜಿಯಿಂದ ಶುರು ಮಾಡಿ. ದ್ವಾರದ ಮುಂದಿನ ಸೇತುವೆಯ ಮೇಲೆ ನಿಂತು ಕೆಳಗಿನ ಕಂದಕ ನೋಡಿ. ಬಂಡೆಯನ್ನು ಕಡಿದು ಭೂಮಿಯ ಕಡೆಯಿಂದ ಊರನ್ನು ಬೇರ್ಪಡಿಸಿದ ಕೆಲಸ ಅದು. ದ್ವಾರ ಮತ್ತು ಪಕ್ಕದ ಸಂಸತ್ ಭವನ ಇಟಲಿಯ ರೆಂಜೊ ಪಿಯಾನೊ ವಿನ್ಯಾಸ. ಅದರ ಪಕ್ಕದಲ್ಲೇ ಮುರಿದ ಕಂಬಗಳ ನಡುವೆ ಬಯಲು ರಂಗಮಂದಿರ ಕಾಣುತ್ತದೆ. ಅದು 1866ರಲ್ಲಿ ತೆರೆದ ರಾಯಲ್ ಒಪೆರಾ ಹೌಸ್‌ನ ಅವಶೇಷ. 1942ರ ಏಪ್ರಿಲ್‌ನಲ್ಲಿ ಬಾಂಬ್ ಬಿದ್ದು ನೆಲಸಮವಾಯಿತು. ಮತ್ತೆ ಕಟ್ಟದೆ, ಮುರಿದದ್ದನ್ನು ಮುರಿದಂತೆಯೇ ಉಳಿಸಿ ಅದರೊಳಗೆ ಆಸನ ಹಾಕಿದ್ದಾರೆ. ಈ ನಿರ್ಧಾರದ ಬಗ್ಗೆ ಊರಿನಲ್ಲಿ ಬಹಳ ಜಗಳವಾಯಿತು, ಆದರೆ ಯುದ್ಧ ಏನು ಮಾಡಿತು ಎಂದು ಒಂದೇ ನೋಟಕ್ಕೆ ಹೇಳುವ ಜಾಗ ಇದಕ್ಕಿಂತ ಬೇರೊಂದಿಲ್ಲ.

ದ್ವಾರ ದಾಟಿದ ಕೂಡಲೇ ಎಡಕ್ಕೆ ಹೊರಳಿದರೆ ಹೇಸ್ಟಿಂಗ್ಸ್ ಉದ್ಯಾನ. ಶುಲ್ಕವಿಲ್ಲ, ಜನವೂ ಇಲ್ಲ. ಕರ್ನಾಟಕದಿಂದ ಬಂದವರು ಇಲ್ಲಿ ಹತ್ತು ನಿಮಿಷ ನಿಲ್ಲಲೇಬೇಕು. ಒಳಗಿನ ಸ್ಮಾರಕ ಮಾರ್ಕ್ವೆಸ್ ಹೇಸ್ಟಿಂಗ್ಸ್‌ನದು. 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದವನು. ಮೂರನೇ ಮರಾಠಾ ಯುದ್ಧ ಅವನ ಕಾಲದ್ದು. ಅದರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕನ್ನಡ ನಾಡು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು ಎಂದು ಹರಿದು ಹಂಚಿಹೋದ ಕತೆಯಲ್ಲಿ ಈತನ ಪಾತ್ರ ದೊಡ್ಡದು. ಅಲ್ಲಿಂದ ಬಂದು 1824ರಲ್ಲಿ ಮಾಲ್ಟಾದ ಗವರ್ನರ್ ಆದ, 1826ರಲ್ಲಿ ನೇಪಲ್ಸ್ ಹತ್ತಿರ ಸಮುದ್ರದಲ್ಲಿ ತೀರಿಕೊಂಡ. ದೇಹವನ್ನು ಇಲ್ಲಿ ಹೂಳಿದರು. ತನ್ನ ಬಲಗೈ ಕಡಿದು ಹೆಂಡತಿ ಸತ್ತಾಗ ಅವಳ ಜೊತೆ ಹೂಳಬೇಕು ಎಂದು ಬರೆದಿಟ್ಟಿದ್ದ. ಹಾಗೇ ಮಾಡಿದರು. ವಿವರ ಫಲಕ ಚಿಕ್ಕದು, ತಿಳಿಯದೆ ಹೋದವರು ಯಾವನೋ ಬಿಳಿಯನ ಗೋರಿ ಎಂದು ಮುಂದೆ ನಡೆದುಬಿಡುತ್ತಾರೆ.

ಒಂಬತ್ತಕ್ಕೆ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಹತ್ತೂವರೆಯ ಮೇಲೆ ಸಾಲು ಬೀದಿಗೆ ಬರುತ್ತದೆ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಶನಿವಾರ ಭಾನುವಾರ ಮಾತ್ರ ಬರುವವರು ಇದನ್ನು ಮರೆತು ಮುಖ್ಯವಾದದ್ದನ್ನೇ ಕಳೆದುಕೊಳ್ಳುತ್ತಾರೆ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಬೇಕು. ಚೂಪು ಹಿಮ್ಮಡಿಯ ಚಪ್ಪಲಿ ಒಳಗೆ ಬಿಡುವುದಿಲ್ಲ, ಯಾಕೆಂದರೆ ನೆಲವೇ ಅಲ್ಲಿನ ಸಂಪತ್ತು: ಬಣ್ಣಬಣ್ಣದ ಅಮೃತಶಿಲೆ ಕೂಡಿಸಿ ಮಾಡಿದ ಸುಮಾರು 400 ನೈಟ್‌ಗಳ ಸಮಾಧಿ ಫಲಕಗಳು. ನಗುವ ಅಸ್ಥಿಪಂಜರ, ಮರಳು ಗಡಿಯಾರ, ಮನೆತನದ ಲಾಂಛನ, ಎಲ್ಲವೂ ಕಾಲ ಕೆಳಗೆ. ಆಡಿಯೊ ಗೈಡ್ ಟಿಕೆಟ್‌ನಲ್ಲೇ ಸೇರಿದೆ, ಬಿಡಬೇಡಿ. ಹೊರಗಿನಿಂದ ನೋಡಿದರೆ ಕಸ್ಸಾರ್ ಕಟ್ಟಿದ ಒರಟು ಸೈನಿಕ ಗೋಡೆ. ಒಳಗೆ ಕಾಲಿಟ್ಟರೆ ಒಂದು ಗೇಣು ಕಲ್ಲೂ ಖಾಲಿ ಬಿಟ್ಟಿಲ್ಲ.

ಮೇಲ್ಛಾವಣಿಯನ್ನು 1661ರಿಂದ ಐದಾರು ವರ್ಷ ಚಿತ್ರಿಸಿದವನು ಮತ್ತಿಯ ಪ್ರೆತಿ. ಹಸಿ ಗಾರೆಯ ಮೇಲಲ್ಲ, ನೇರ ಕಲ್ಲಿನ ಮೇಲೆ ಎಣ್ಣೆಬಣ್ಣ. ಕಮಾನುಗಳ ಬುಡದಲ್ಲಿ ಕೂತಿರುವ ಆಕೃತಿಗಳನ್ನು ಗಮನಿಸಿ. ಅವುಗಳ ನೆರಳನ್ನೂ ಬಣ್ಣದಲ್ಲೇ ಬರೆದಿದ್ದಾನೆ, ಹಾಗಾಗಿ ಮೂರ್ತಿಗಳೇ ಹೊರಗೆ ಚಾಚಿ ಕೂತಂತೆ ಕಾಣುತ್ತದೆ. ಇದೆಲ್ಲ ನೋಡಿದ ಮೇಲೆ ಪ್ರಾರ್ಥನಾ ಕೊಠಡಿಗೆ ಹೋಗಿ. ಅಲ್ಲಿ ಇರುವುದು ಇಟಲಿಯ ಚಿತ್ರಕಾರ ಕರವಾಜ್ಜೊನ 1608ರ ಚಿತ್ರ, ಸ್ನಾನಿಕ ಯೋಹಾನನ ಶಿರಚ್ಛೇದ. ಅಗಲ ಐದು ಮೀಟರ್‌ಗೂ ಹೆಚ್ಚು, ಎತ್ತರ ಮೂರೂವರೆ ಮೀಟರ್ ಮೀರಿದೆ. ಕರವಾಜ್ಜೊ ಸಹಿ ಹಾಕಿದ ಒಂದೇ ಚಿತ್ರ ಇದು, ಸಹಿ ಇರುವುದು ಯೋಹಾನನ ಕತ್ತಿನಿಂದ ಹರಿದ ರಕ್ತದಲ್ಲಿ. ಮೊದಲು ಹಿಂದೆ ನಿಂತು ನೋಡಿ: ಚಿತ್ರದ ಬಲ ಅರ್ಧ ಹೆಚ್ಚುಕಡಿಮೆ ಖಾಲಿ, ಕಿಟಕಿಯಿಂದ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ, ಕೊಲೆಗಾರ ಇನ್ನೂ ಕೆಲಸ ಮುಗಿಸಿಲ್ಲ, ಬೆನ್ನ ಹಿಂದಿನ ಚಾಕುವಿಗೆ ಕೈ ಹಾಕಿದ್ದಾನೆ. ನಂತರ ಮುಂದೆ ಬಂದು ಸಹಿ ಹುಡುಕಿ. ಕೊಲೆ ಆರೋಪ ಹೊತ್ತು ರೋಮ್‌ನಿಂದ ಓಡಿಬಂದಿದ್ದ ಕಲಾವಿದ ಇಲ್ಲಿ ನೈಟ್ ಪದವಿ ಪಡೆದ. ಕೆಲವೇ ತಿಂಗಳಲ್ಲಿ ಹೊಡೆದಾಟದಲ್ಲಿ ಸಿಕ್ಕಿ ಜೈಲು ಸೇರಿ, ಅಲ್ಲಿಂದಲೂ ತಪ್ಪಿಸಿಕೊಂಡ. ಅವನ ಪದವಿ ಕಿತ್ತುಕೊಂಡ ಸಭೆ ನಡೆದದ್ದು ಇದೇ ಕೊಠಡಿಯಲ್ಲಿ, ಇದೇ ಚಿತ್ರದ ಮುಂದೆ. ಕೆಥೆಡ್ರಲ್‌ಗೆ ಒಟ್ಟು ಎರಡು ಗಂಟೆ ಇಡಿ. ಅದರಲ್ಲಿ ಅರ್ಧ ಗಂಟೆ ಈ ಕೊಠಡಿಗೇ ಹೋಗಲಿ.

ಟಿಕೆಟ್ ವಿಚಾರದಲ್ಲಿ ಒಂದು ಎಚ್ಚರ: ಬಹುಪಾಲು ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸೇರಿ ಸಿಗುವ ಹೆರಿಟೇಜ್ ಮಾಲ್ಟಾ ಪಾಸ್ ಈ ಕೆಥೆಡ್ರಲ್‌ಗೆ ನಡೆಯುವುದಿಲ್ಲ. ಇದಕ್ಕೆ ಬೇರೆ ಟಿಕೆಟ್. ಪಾಸ್ ಕೊಳ್ಳುವುದು ಲಾಭವಾಗುವುದು ಅರಮನೆ, ಪುರಾತತ್ತ್ವ ಸಂಗ್ರಹಾಲಯ, ಸೇಂಟ್ ಎಲ್ಮೋ, ಜೊತೆಗೆ ಊರ ಹೊರಗಿನ ಪ್ರಾಚೀನ ದೇಗುಲಗಳನ್ನೂ ನೋಡುವವರಿಗೆ.

ರಿಪಬ್ಲಿಕ್ ಸ್ಟ್ರೀಟ್‌ನಲ್ಲಿರುವ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯಕ್ಕೆ ಒಂದು ಗಂಟೆ ಸಾಕು. ಹುಡುಕಬೇಕಾದ್ದು ಮಲಗಿರುವ ಹೆಂಗಸಿನ ಮಣ್ಣಿನ ಬೊಂಬೆ. ಸುಮಾರು 12 ಸೆಂಟಿಮೀಟರ್ ಉದ್ದ ಅಷ್ಟೆ, ನಸುಗತ್ತಲಿನ ಕೋಣೆಯಲ್ಲಿ ಒಂಟಿಯಾಗಿದೆ. ಒಂದು ಮಗ್ಗುಲಿಗೆ ಹೊರಳಿ, ಕೈಯನ್ನೇ ದಿಂಬು ಮಾಡಿಕೊಂಡಿರುವ ಈ ಬೊಂಬೆ ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯದು. ಅದು ಸಿಕ್ಕಿದ ನೆಲದಾಳದ ಸಮಾಧಿ ಹಾಲ್ ಸಫ್ಲಿಯೆನಿ ಹೈಪೊಜಿಯಂ ಪಕ್ಕದ ಪಾವೊಲಾ ಊರಿನಲ್ಲಿದೆ. ಒಳಗಿನ ಗಾಳಿಯ ತೇವ ಕೆಡದಿರಲೆಂದು ಒಂದು ಸರದಿಗೆ ಹತ್ತೇ ಜನರನ್ನು ಬಿಡುತ್ತಾರೆ. ನೋಡಬೇಕೆಂದಿದ್ದರೆ ವಿಮಾನದ ಟಿಕೆಟ್ ಕೊಂಡ ದಿನವೇ ಅದರದ್ದೂ ಕಾದಿರಿಸಿ. ಊರಿಗೆ ಬಂದ ಮೇಲೆ ಕೇಳಿದರೆ ಬಹುತೇಕ ಸಿಗುವುದಿಲ್ಲ.

ಗ್ರ್ಯಾಂಡ್ ಮಾಸ್ಟರ್ಸ್ ಅರಮನೆಯಲ್ಲಿ ಸಮಯ ಕಡಿಮೆಯಿದ್ದರೆ ಉಳಿದದ್ದು ಬಿಟ್ಟರೂ ಸಿಂಹಾಸನದ ಸಭಾಂಗಣ ಬಿಡಬೇಡಿ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ 1565ರ ಮುತ್ತಿಗೆಯ ಭಿತ್ತಿಚಿತ್ರಗಳಿವೆ. ಬರೆದವನು ಮತ್ತೆಯೊ ಪೆರೆಸ್ ದ ಅಲೆಚ್ಚೊ, ಯುದ್ಧ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲಿ. ಆ ಚಿತ್ರಗಳಲ್ಲಿ ಬೋಳು ಶಿಬೆರಾಸ್ ಗುಡ್ಡ ಗುರುತಿಸಿ. ನೀವು ನಿಂತಿರುವುದು ಅದರ ಮೇಲೆಯೇ. ಆಯುಧಾಗಾರ ಮಕ್ಕಳಿಗೆ ಹಿಡಿಸುತ್ತದೆ.

ಇಲ್ಲಿಂದ ಸ್ವಲ್ಪ ಹಿಂದೆ, ನ್ಯಾಯಾಲಯದ ಎದುರಿನ ಮುತ್ತಿಗೆ ಸ್ಮಾರಕದ ಬುಡದಲ್ಲಿ ಹೂವು, ಮೊಂಬತ್ತಿ, ಒಂದು ಫೋಟೊ ಕಾಣಬಹುದು. 2017ರ ಅಕ್ಟೋಬರ್‌ನಲ್ಲಿ ಕಾರ್ ಬಾಂಬಿಗೆ ಬಲಿಯಾದ ಪತ್ರಕರ್ತೆ ಡಾಫ್ನಿ ಕರುವಾನ ಗಲಿಜಿಯ ಅವರ ನೆನಪಿಗೆ ಜನರೇ ಮಾಡಿಕೊಂಡ ಜಾಗ ಅದು. ಅದನ್ನು ಹಿನ್ನೆಲೆಯಾಗಿಸಿ ನಗುತ್ತ ಸೆಲ್ಫಿ ತೆಗೆಯಬೇಡಿ.

ಮೂರೂವರೆಗೆ ಅಪ್ಪರ್ ಬರಕ್ಕಾ ತಲುಪಿ. ನಾಲ್ಕು ಗಂಟೆಗೆ ಕೆಳಗಿನ ಕಟ್ಟೆಯಲ್ಲಿ ತೋಪು ಹಾರಿಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ ಹಾರಿಸುತ್ತಾರೆ, ಆದರೆ ಬೆಳಕಿನ ಲೆಕ್ಕಕ್ಕೆ ನಾಲ್ಕರದ್ದೇ ಸರಿ. ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲಿ ಎಂದು ಶುರುವಾದ ಪದ್ಧತಿ, 19ನೇ ಶತಮಾನದ ಬ್ರಿಟಿಷ್ ತೋಪುಗಾರರ ಸಮವಸ್ತ್ರದಲ್ಲಿ ಈಗಲೂ ನಡೆಯುತ್ತದೆ. ಮೇಲಿನ ಉದ್ಯಾನದಿಂದ ನೋಡಲು ದುಡ್ಡು ಕೊಡಬೇಕಿಲ್ಲ, ಕಂಬಿಯ ಪಕ್ಕ ಜಾಗ ಬೇಕಾದರೆ ಕಾಲು ಗಂಟೆ ಮೊದಲೇ ನಿಲ್ಲಬೇಕು. ಸಣ್ಣ ಮಕ್ಕಳ ಕಿವಿ ಮುಚ್ಚಿ, ಸದ್ದು ನಿರೀಕ್ಷೆಗಿಂತ ಜೋರು. ತೋಪು ಆದ ಮೇಲೆ ಗುಂಪು ಚದುರುತ್ತದೆ. ಆಗ ಎದುರಿನ ಬಂದರನ್ನು ಸಮಾಧಾನವಾಗಿ ನೋಡಿ: ಎಡದ ಚಾಚಿನ ತುದಿಯಲ್ಲಿ ಸೇಂಟ್ ಆಂಜೆಲೊ ಕೋಟೆ, ಅದರ ಬೆನ್ನಿಗೆ ಬಿರ್ಗು, ಬಲಕ್ಕೆ ಸೆಂಗ್ಲಿಯ. 1942ರ ಆಗಸ್ಟ್ 15ರಂದು, ದ್ವೀಪ ಹಸಿವಿನಿಂದ ಶರಣಾಗುವ ಹಂತದಲ್ಲಿದ್ದಾಗ, ಜರ್ಜರಿತವಾದ ಒಹಾಯೊ ಎಂಬ ತೈಲ ಹಡಗು ಬೇರೆ ಹಡಗುಗಳ ಆಸರೆಯಲ್ಲಿ ತೇಲುತ್ತ ಬಂದು ಸೇರಿದ್ದು ಇದೇ ನೀರಿಗೆ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಬೀದಿಬದಿಯ ತಿಂಡಿ ಪಸ್ತಿಜ್ಜಿ: ಪದರಪದರದ ಗರಿಗರಿ ಹಿಟ್ಟಿನೊಳಗೆ ಹೂರಣ. ರಿಕೊಟ್ಟ ಎಂಬ ಮೆದು ಚೀಸ್‌ನದು ಮತ್ತು ಬಟಾಣಿಯದು ಸಾಮಾನ್ಯ. ಮಡಿಕೆ ನೋಡಿ ಗುರುತು ಹಿಡಿಯಬಹುದು: ನಡುವೆ ಬಾಯಿ ತೆರೆದದ್ದು ಚೀಸ್‌ನದು, ಪಕ್ಕದಲ್ಲಿ ಮಡಚಿದ್ದು ಬಟಾಣಿಯದು. ಕೆಲವು ಕಡೆ ಬಟಾಣಿಗೆ ಕರಿ ಪೌಡರ್ ಹಾಕುತ್ತಾರೆ, ನಮ್ಮ ನಾಲಗೆಗೆ ಅದೇ ಹತ್ತಿರ. ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಬಳಸುವುದುಂಟು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮಾರ್ಗರಿನ್ ಹಾಕಿದ್ದೋ ಲಾರ್ಡ್ ಹಾಕಿದ್ದೋ ಎಂದು ಕೇಳಿಯೇ ಕೊಳ್ಳಿ. ಬಿಸಿ ಇದ್ದಾಗ ಮಾತ್ರ ತಿನ್ನಬೇಕು; ಆರಿದರೆ ಜಿಡ್ಡು ಬಾಯಿಗೆ ಮೆತ್ತುತ್ತದೆ.

ಹೊಬ್ಸ್ ಬಿಸ್-ಸೇಟ್ ಎಂದರೆ ಟೊಮ್ಯಾಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಗಟ್ಟಿ ರೊಟ್ಟಿ. ಮೆನುವಿನಲ್ಲಿ ಬರೆಯದಿದ್ದರೂ ಒಳಗೆ ಟ್ಯೂನ ಮೀನು ಇರುತ್ತದೆ, ಬೇಡವೆಂದು ಮೊದಲೇ ಹೇಳಿ. ಬಿಗಿಲ್ಲ ಎಂಬ ಒಣ ಬೀನ್ಸ್ ಕಾಳಿನ ಚಟ್ನಿಯಂಥದ್ದು ಬೆಳ್ಳುಳ್ಳಿ, ಮೆಣಸಿನ ಖಾರದೊಡನೆ ಬರುತ್ತದೆ, ಪೂರ್ತಿ ಸಸ್ಯಾಹಾರ. ಸೊಪ್ಪ ತಲ್-ಅರ್ಮ್ಲ ತರಕಾರಿ ಸಾರು, ಅದರಲ್ಲಿ ಮೊಟ್ಟೆ ಒಡೆದು ಹಾಕುವುದುಂಟು. ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದ ಇಮ್ಅರೆತ್ ಬಿಸಿಬಿಸಿ ಸಿಕ್ಕರೆ ಎರಡು ತೆಗೆದುಕೊಳ್ಳಿ. ಮಾಂಸಾಹಾರಿಗಳಿಗೆ ಮೊಲದ ಸ್ಟ್ಯೂ ಇಲ್ಲಿನ ಹೆಮ್ಮೆ. ಶರತ್ಕಾಲದಲ್ಲಾದರೆ ಲಂಪುಕಿ ಮೀನು. ಕಿನ್ನಿ ಎಂಬ ಸ್ಥಳೀಯ ತಂಪು ಪಾನೀಯ ಕಹಿ ಕಿತ್ತಳೆಯದು, ಮೊದಲ ಗುಟುಕಿಗೆ ಹಿಡಿಸದಿದ್ದರೂ ಬಿಸಿಲಲ್ಲಿ ನಡೆದು ಬಂದಾಗ ಬೆಲೆ ಗೊತ್ತಾಗುತ್ತದೆ. ನಲ್ಲಿ ನೀರಿನ ಬಹುಭಾಗ ಸಮುದ್ರದ ನೀರನ್ನೇ ಶುದ್ಧೀಕರಿಸಿದ್ದು. ಕುಡಿಯಬಹುದು, ರುಚಿ ಮಾತ್ರ ಕೊಂಚ ಉಪ್ಪು.

ರಿಪಬ್ಲಿಕ್ ಸ್ಕ್ವೇರ್‌ನ ಕೊಡೆಗಳ ಕೆಳಗೆ ಕಾಫಿಗೆ ಕೂರುವುದು ಚೆಂದ, ಊಟಕ್ಕೆ ಕೂರುವುದು ದುಬಾರಿ. ಓಲ್ಡ್ ಬೇಕರಿ ಸ್ಟ್ರೀಟ್ ಕಡೆ ಇಳಿದರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಸಿಗುತ್ತದೆ.

ಎರಡನೇ ದಿನ: ನೀರಿನ ಅಂಚು

ಬೆಳಿಗ್ಗೆ ಬರಕ್ಕಾ ಲಿಫ್ಟ್‌ನಲ್ಲಿ ಕೆಳಗಿಳಿಯಿರಿ. 58 ಮೀಟರ್ ಎತ್ತರದ ಇದು 2012ರಲ್ಲಿ ಬಂತು. ಅದಕ್ಕಿಂತ ಮೊದಲು ಬಂದರಿನಿಂದ ಊರಿಗೆ ಹತ್ತುವುದು ದೊಡ್ಡ ಶ್ರಮ. ಕೆಳಗೆ ರಸ್ತೆ ದಾಟಿದರೆ ಮೂರು ಊರುಗಳಿಗೆ ಹೋಗುವ ದೋಣಿ ಕಟ್ಟೆ. ಇಲ್ಲೇ ಜನ ತಪ್ಪುವುದು: ವಲೆಟ್ಟಾಗೆ ಎರಡು ದೋಣಿ ಕಟ್ಟೆಗಳು, ಊರಿನ ಎರಡು ವಿರುದ್ಧ ಪಕ್ಕಗಳಲ್ಲಿ. ಲಿಫ್ಟ್ ಕೆಳಗಿನದು ಗ್ರ್ಯಾಂಡ್ ಹಾರ್ಬರ್ ಕಡೆಯದು, ಮೂರು ಊರುಗಳಿಗೆ; ಗೋಜೊ ದ್ವೀಪದ ವೇಗದ ದೋಣಿಯೂ ಈ ಪಕ್ಕದಲ್ಲೇ. ಎದುರು ದಡದ ಸ್ಲೀಮಾ ಊರಿಗೆ ಹೋಗುವ ದೋಣಿ ಸಿಗುವುದು ಆ ಬದಿಯ ಮಾರ್ಸಮ್‌ಶೆಟ್ ಬಂದರಿನಲ್ಲಿ. ನಕ್ಷೆಯಲ್ಲಿ ಬರೀ ಫೆರಿ ಎಂದು ಹುಡುಕಿ ಹೊರಟರೆ ಗುಡ್ಡ ಹತ್ತಿ ಇಳಿದು ದೋಣಿ ತಪ್ಪಿಸಿಕೊಳ್ಳುವುದು ಖಂಡಿತ.

ಸಮುದ್ರ ಶಾಂತವಿದ್ದರೆ ದೊಡ್ಡ ದೋಣಿಯ ಬದಲು ದಾಯ್ಸ ಎಂಬ ಬಣ್ಣದ ಸಣ್ಣ ದೋಣಿ ಹಿಡಿಯಿರಿ. ಹತ್ತುವ ಮುನ್ನ ದರ ಮಾತಾಡಿಕೊಳ್ಳಿ, ಚಿಲ್ಲರೆ ಇರಲಿ. ಬಿರ್ಗುವಿನ ಒಳಬೀದಿಗಳು ವಲೆಟ್ಟಾಗಿಂತ ಹಳೆಯವು, ಅಂಕುಡೊಂಕು. ಎರಡೂ ಊರು ನೋಡಿದಾಗಲೇ ನಕ್ಷೆ ಹಾಕಿ ಕಟ್ಟಿದ ಊರು, ತಾನೇ ಬೆಳೆದ ಊರು ಇವುಗಳ ಅಂತರ ತಿಳಿಯುವುದು. ಅಲ್ಲಿಂದ ಸೆಂಗ್ಲಿಯದ ತುದಿಗೆ ನಡೆಯಿರಿ. ಗಾರ್ಡ್ಯೋಲ ಎಂಬ ಕಲ್ಲಿನ ಕಾವಲು ಗೂಡಿನ ಮೇಲೆ ಕಣ್ಣು, ಕಿವಿ ಕೆತ್ತಿದ್ದಾರೆ: ಸದಾ ನೋಡುತ್ತ, ಕೇಳುತ್ತ ಇರಲಿ ಎಂದು. ಬೆಳಿಗ್ಗೆ ಹತ್ತರೊಳಗೆ ಅಲ್ಲಿದ್ದರೆ ಎದುರಿಗೆ ವಲೆಟ್ಟಾದ ಇಡೀ ಗೋಡೆ ಬಿಸಿಲಲ್ಲಿ ನಿಂತಿರುತ್ತದೆ. ಮುತ್ತಿಗೆಯಲ್ಲಿ ಫಿರಂಗಿ ಯಾಕೆ ಅಲ್ಲಿಂದ ಇಲ್ಲಿಗೆ ಬಡಿಯಿತು ಎಂಬುದು ಕಣ್ಣಳತೆಯಲ್ಲೇ ಅರ್ಥವಾಗುತ್ತದೆ.

ವಾಪಸ್ ಬಂದು ಲಿಫ್ಟ್ ಹತ್ತದೆ, ಮಧ್ಯಾಹ್ನ ಗ್ರ್ಯಾಂಡ್ ಹಾರ್ಬರ್ ಅಂಚಿನ ರಸ್ತೆಯಲ್ಲೇ ಸಮುದ್ರದ ಕಡೆ ನಡೆಯಿರಿ. ಲೋವರ್ ಬರಕ್ಕಾ ಉದ್ಯಾನದಲ್ಲಿ ಬ್ರಿಟಿಷ್ ನೌಕಾಧಿಕಾರಿ ಅಲೆಕ್ಸಾಂಡರ್ ಬಾಲ್ ಸ್ಮಾರಕ ಗ್ರೀಕ್ ದೇಗುಲದ ಆಕಾರದ್ದು. ಅದರಾಚೆ ಮುತ್ತಿಗೆ ಗಂಟೆ, 1992ರಲ್ಲಿ ಇಟ್ಟದ್ದು, ಎರಡನೇ ಮಹಾಯುದ್ಧದಲ್ಲಿ ಮಡಿದವರಿಗಾಗಿ. ಪಕ್ಕದ ಉದ್ದನೆಯ ಕಟ್ಟಡ ನೈಟ್‌ಗಳ ಆಸ್ಪತ್ರೆ ಸಾಕ್ರ ಇನ್‌ಫರ್ಮೆರಿಯ. ಅದರ ಮುಖ್ಯ ವಾರ್ಡ್ 155 ಮೀಟರ್ ಉದ್ದ; ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಕೊಡುತ್ತಿದ್ದರು. ಈಗ ಸಮ್ಮೇಳನ ಭವನವಾದ್ದರಿಂದ ಕಾರ್ಯಕ್ರಮವಿದ್ದ ದಿನ ಒಳಗೆ ಬಿಡದಿರಬಹುದು.

ತುದಿಯ ಸೇಂಟ್ ಎಲ್ಮೋ ಕೋಟೆಗೆ ಎರಡು ಗಂಟೆ ಕೊಡಿ. ಒಳಗಿನ ರಾಷ್ಟ್ರೀಯ ಯುದ್ಧ ಸಂಗ್ರಹಾಲಯದಲ್ಲಿ ಗ್ಲಾಡಿಯೇಟರ್ ಮಾದರಿಯ ಫೇತ್ ಎಂಬ ಯುದ್ಧವಿಮಾನದ ಒಡಲಿದೆ. 1940ರಲ್ಲಿ ಇಟಲಿಯ ಬಾಂಬರ್‌ಗಳನ್ನು ಎದುರಿಸಲು ದ್ವೀಪದಲ್ಲಿದ್ದದ್ದು ಇಂಥ ಹಳೇ ಎರಡು ರೆಕ್ಕೆಯ ವಿಮಾನಗಳು ಬೆರಳೆಣಿಕೆಯಷ್ಟು. 1942ರ ಏಪ್ರಿಲ್ 15ರಂದು ಬ್ರಿಟನ್ ದೊರೆ ಇಡೀ ದ್ವೀಪಕ್ಕೆ ಕೊಟ್ಟ ಜಾರ್ಜ್ ಕ್ರಾಸ್ ಪದಕವೂ ಇಲ್ಲೇ. ದೇಶದ ಬಾವುಟದ ಮೂಲೆಯಲ್ಲಿ ಕಾಣುವುದು ಅದೇ. ಭಾರತದ ನಂಟು ಯುದ್ಧಕ್ಕೂ ಹಿಂದಿನದು. 1878ರಲ್ಲಿ ರಷ್ಯಾವನ್ನು ಹೆದರಿಸಲು ಬ್ರಿಟನ್ ಸುಮಾರು 7,000 ಭಾರತೀಯ ಸೈನಿಕರನ್ನು ಮಾಲ್ಟಾಗೆ ತಂದಿಳಿಸಿತ್ತು. ಅದೇ ಶತಮಾನದ ಕೊನೆಗೆ ಸಿಂಧಿ ವರ್ತಕರು ವಲೆಟ್ಟಾದಲ್ಲಿ ರೇಷ್ಮೆ, ಕರಕುಶಲ ವಸ್ತುಗಳ ಅಂಗಡಿ ತೆರೆದರು. ಅವರ ಮನೆತನಗಳು ಇಂದಿಗೂ ಅಲ್ಲಿವೆ.

ಕೋಟೆಯ ಹೊರಗಿನ ನೆಲ, ಮೆಟ್ಟಿಲು ಬೀದಿಗಳ ಕಲ್ಲು ಎರಡೂ ಸವೆದು ನುಣುಪಾಗಿವೆ. ಮಳೆ ಬಿದ್ದರೆ, ಸಮುದ್ರದ ತುಂತುರು ತಾಗಿದರೆ ಜಾರುವುದು ನಿಶ್ಚಿತ. ರಬ್ಬರ್ ಅಟ್ಟೆಯ ಶೂ ಬೇಕು, ಚರ್ಮದ ಚಪ್ಪಲಿ ಬೇಡ.

ಸಂಜೆಗೆ ಮಾರ್ಸಮ್‌ಶೆಟ್ ಕಟ್ಟೆಗೆ ಇಳಿದು ಸ್ಲೀಮಾ ದೋಣಿ ಹಿಡಿಯಿರಿ, ಹತ್ತು ನಿಮಿಷದ ಹಾದಿ. ಆಚೆ ದಡದಲ್ಲಿ ಟಿನ್ಯೆ ಕಡೆಗೆ ಸ್ವಲ್ಪ ನಡೆದು ತಿರುಗಿ ನೋಡಿದರೆ ಕಾರ್ಮೆಲೈಟ್ ಚರ್ಚಿನ ಗುಮ್ಮಟ, ಪಕ್ಕದಲ್ಲಿ ಆಂಗ್ಲಿಕನ್ ಚರ್ಚಿನ ಚೂಪು ಗೋಪುರ; ಮಾಲ್ಟಾದ ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವ ನೋಟ ಇದೇ. ಕೊನೆಯ ದೋಣಿ ಚಳಿಗಾಲದಲ್ಲಿ ಬೇಸಿಗೆಗಿಂತ ಬಹಳ ಬೇಗ ಹೊರಡುತ್ತದೆ, ಇಳಿದ ಕೂಡಲೇ ಕಟ್ಟೆಯ ಫಲಕ ನೋಡಿಕೊಳ್ಳಿ. ತಪ್ಪಿದರೂ ಚಿಂತೆಯಿಲ್ಲ, ಅದೇ ದಡದ ರಸ್ತೆಯಿಂದ ಬಸ್ ಮತ್ತೆ ಟ್ರೈಟನ್ ಕಾರಂಜಿಗೆ ತಂದುಬಿಡುತ್ತದೆ. ಸಂಜೆಯ ವಾಹನ ಸಂದಣಿಯಲ್ಲಿ ಹತ್ತು ನಿಮಿಷದ ಜಾಗದಲ್ಲಿ ನಲವತ್ತು ಹಿಡಿಯಬಹುದು ಅಷ್ಟೆ.